ಎರಡು ಬೆಡ್‌ಶೀಟು, ಒಂದು ಕರಿ ಪ್ಯಾಂಟು

ನಮ್ಮೂರಿನಲ್ಲಿ ಸಮುದ್ರದ ಒಳಗುಟ್ಟು ಯಾರಿಗೆ ಗೊತ್ತು ಅಂತ ಹೋದ ವರ್ಷ ಕೇಳಿದ್ದರೆ, ಬಲ್ಲವರೆಲ್ಲ ಪುರಸಭೆಯ ಜನನ-ಮರಣ ವಿಭಾಗದ ಗುಮಾಸ್ತರ ಕಡೆಗೆ ಕೈ ತೋರಿಸುತ್ತಿದ್ದರು. ಗುಮಾಸ್ತರು ಸಮುದ್ರಕ್ಕೆ ಇಳಿದದ್ದು ಜೀವಮಾನದಲ್ಲಿ ಒಂದೇ ಸಲ. ಮದುವೆಯಾದ ಹೊಸದರಲ್ಲಿ, ಹೆಂಡತಿಯ ಬಲವಂತಕ್ಕೆ, ಪ್ಯಾಂಟನ್ನು ಮೊಣಕಾಲಿನವರೆಗೆ ಮಡಚಿಕೊಂಡು ನಿಂತಿದ್ದರು. ಪಾದದ ಕೆಳಗಿನ ಮರಳು ಸರ್ರನೆ ಜಾರಿದ್ದೇ ತಡ, "ಅಯ್ಯಯ್ಯೋ, ಭೂಮಿ ಹೋಗ್ತಿದೆ ಕಣೇ!" ಎಂದು ಕೂಗಿಕೊಂಡು ದಡಕ್ಕೆ ಓಡಿದವರು, ಮತ್ತೆ ಆ ಕಡೆ ತಲೆ ಹಾಕಿಯೂ ಮಲಗಿರಲಿಲ್ಲ. ಇಂಥವರು ಸಮುದ್ರಜ್ಞಾನಿ ಆದದ್ದರಲ್ಲಿ ಅವರ ತಪ್ಪು ಅರ್ಧ, ಊರಿನವರ ತಪ್ಪು ಅರ್ಧ. ಯಾವ ಅರ್ಧ ದೊಡ್ಡದು ಅಂತ ನೀವೇ ತೀರ್ಮಾನ ಮಾಡಿ.

ಗುಮಾಸ್ತರು ಕಚೇರಿಯಲ್ಲಿ ಹತ್ತೊಂಬತ್ತು ವರ್ಷಗಳಿಂದ ಹುಟ್ಟಿದವರನ್ನು ನೀಲಿ ಶಾಯಿಯಲ್ಲೂ ಸತ್ತವರನ್ನು ಕಪ್ಪು ಶಾಯಿಯಲ್ಲೂ ಬರೆಯುತ್ತ ಬಂದಿದ್ದರು. ಒಮ್ಮೆ ಕೈತಪ್ಪಿ, ಬದುಕಿದ್ದವರೊಬ್ಬರನ್ನು ಕಪ್ಪು ಶಾಯಿಗೆ ಸೇರಿಸಿಬಿಟ್ಟರು. ಆ ಮನುಷ್ಯ ಖುದ್ದಾಗಿ ಕೌಂಟರಿಗೆ ಬಂದು, ಮೇಜು ಗುದ್ದಿ ಜಗಳವಾಡಿದಾಗ, "ಅದೆಲ್ಲ ಸರಿ, ಬದುಕಿದ್ದೀರಿ ಅನ್ನೋದಕ್ಕೆ ದಾಖಲೆ ತಂದಿದ್ದೀರಾ?" ಎಂದು ಕೇಳಿದ್ದರು. ಆ ಒಂದು ಮಾತಿಗೆ ಮೇಲ್ವಿಚಾರಕರ ಹುದ್ದೆ ಎರಡು ಸಲ ಅವರ ಮೂಗಿನ ಮುಂದೆಯೇ ಬೇರೆಯವರ ಪಾಲಾಯಿತು. ಹುದ್ದೆ ಹೋದದ್ದಕ್ಕಿಂತ ಹೆಚ್ಚಾಗಿ ಹೊಟ್ಟೆ ಉರಿಸುತ್ತಿದ್ದದ್ದು ಹೆಂಡತಿಯ ತಮ್ಮನ ಫೋನು. "ಭಾವಾ, ಇನ್ನೂ ಅದೇ ಕುರ್ಚೀನಾ? ಕುರ್ಚಿನಾದ್ರೂ ಬದಲಾಯಿಸಿದ್ರಾ?" ಎಂದು ಆತ ಪ್ರತಿ ಸಲವೂ ಹೊಸ ಜೋಕಿನಂತೆ ಕೇಳುತ್ತಿದ್ದ.

ಹೀಗಿರುವಾಗ ಅವರು ಮನೆ ಬದಲಾಯಿಸಿದರು. ಊರಿನ ಕೊನೆಯ ಬೀದಿ, ಗುಡ್ಡದ ಇಳಿಜಾರಿನ ಕೊನೆಯ ಮನೆ, ಅದರ ಮೇಲಿನ ಮಹಡಿ. ಮುಂದಿನ ತಾರಸಿಯ ಮೇಲೆ ಬಟ್ಟೆ ಒಣಹಾಕುವ ತಂತಿ. ಆ ತಂತಿ ಅರ್ಧ ಊರಿಗೆ ಕಾಣುತ್ತಿತ್ತು. ಹಿಂದಿನ ಬಚ್ಚಲುಮನೆಯ ಸಣ್ಣ ಕಿಟಕಿಯಲ್ಲಿ ಬಕೆಟ್ ಬೋರಲು ಹಾಕಿ ನಿಂತರೆ, ಗುಡ್ಡದ ಆಚೆ ಎರಡು ಬಂಡೆಗಳ ನಡುವೆ ಅಡಗಿ ಕೂತಿದ್ದ ಪುಟ್ಟ ಕಡಲತೀರ ಕಾಣುತ್ತಿತ್ತು. ಇಡೀ ಊರಿನಲ್ಲಿ ಆ ತೀರ ಕಾಣುವ ಕಿಟಕಿ ಅದೊಂದೇ. ಗುಮಾಸ್ತರು ಬಚ್ಚಲಿಗೆ ಹೋಗುವುದು ಸ್ನಾನಕ್ಕೆ. ಅವರು ಆ ಕಿಟಕಿಯನ್ನು ತೆರೆದೇ ಇರಲಿಲ್ಲ.

ಕೀಲಿ ಕೊಡುವಾಗ ಕೆಳಗಿನ ಮನೆಯ ಓನರಮ್ಮ, "ಮೊದಲಿದ್ದ ಫೋಟೋಗ್ರಾಫರ್ ತಾತ ಬಟ್ಟೆ ಒಣಹಾಕೋ ವಿಷಯ ನಿಮಗೆ ಮರೀದೆ ಹೇಳಿ ಅಂತ ನೂರು ಸಲ ಹೇಳಿ ಹೋಗಿದ್ದಾರಪ್ಪ," ಎಂದರು.

"ಏನು ಹೇಳಬೇಕಂತೆ?"

"ಇನ್ನೇನಿರುತ್ತೆ? ಹಿಂಡಿ ಹಾಕಿ. ನೀರು ನನ್ನ ವರಾಂಡಕ್ಕೆ ತೊಟ್ಟಿಕ್ಕಬಾರದು."

ಹದಿನೈದು ದಿನ ಕಳೆದಿರಬೇಕು. ಒಂದು ಬೆಳಿಗ್ಗೆ ಬಾಗಿಲು ತೆರೆದರೆ ಹೊಸ್ತಿಲಲ್ಲಿ ಕಾಗದದಲ್ಲಿ ಸುತ್ತಿದ ಬಿಸಿ ಬ್ರೆಡ್ಡು. ಯಾರು ಇಟ್ಟರೋ ಗೊತ್ತಿಲ್ಲ. ಗುಮಾಸ್ತರಿಗೆ ಬೆವರಿಳಿಯಿತು.

"ಲಂಚ ಕಣೇ ಇದು! ಯಾರದೋ ಸರ್ಟಿಫಿಕೇಟ್ ಕೆಲಸ ಇರಬೇಕು."

"ಯಾರು ಹುಟ್ಟೋದಕ್ಕೆ ಬ್ರೆಡ್ ಕೊಡ್ತಾರ್ರೀ? ಸುಮ್ನೆ ತಿನ್ನಿ," ಎಂದಳು ಹೆಂಡತಿ. ಆಕೆ ಮನೆಯಲ್ಲೇ ಹೊಲಿಗೆ ಮಿಷನ್ ಇಟ್ಟುಕೊಂಡು ಬಟ್ಟೆ ಹೊಲಿಯುವವಳು. ಬಿಸಿ ಬ್ರೆಡ್ಡನ್ನು ಸಂಶಯದಿಂದ ನೋಡುವ ಚಾಳಿ ಆಕೆಗಿಲ್ಲ.

ಗುಮಾಸ್ತರು ಮಾತ್ರ ನಿಯಮ ಬಿಡುವವರಲ್ಲ. ಮಾರನೆಯ ದಿನ ಹೊಸ್ತಿಲಲ್ಲಿ ಒಂದು ಚೀಟಿ ಇಟ್ಟರು: 'ಬ್ರೆಡ್ ತಲುಪಿದೆ. ವಿಷಯವೇನೆಂದು ಲಿಖಿತವಾಗಿ ತಿಳಿಸತಕ್ಕದ್ದು.' ಅದರ ಮಾರನೆಯ ದಿನ ಎರಡು ಬ್ರೆಡ್ಡು ಬಂದವು. ವಿಷಯ ಬರಲಿಲ್ಲ.

ಆ ವಾರವೇ ಬೀದಿಯಲ್ಲಿ ಹೈಸ್ಕೂಲಿನ ಪಿ.ಟಿ. ಟೀಚರ್ ಎದುರಾದಳು. ಕೊರಳಲ್ಲಿ ಸೀಟಿ, ಬಿಸಿಲಿಗೆ ಕೆಂಚಾದ ಕೂದಲು. ಆಚೀಚೆ ನೋಡಿ, ಹತ್ತಿರ ಬಂದು, "ನಿನ್ನೆ ನಿಮ್ಮ ಕರಿ ಪ್ಯಾಂಟ್ ಇಲ್ಲದೆ ಹೋಗಿದ್ರೆ ನಾನು ಸತ್ತೇ ಹೋಗ್ತಿದ್ದೆ ಸಾರ್," ಎಂದು ಪಿಸುಗುಟ್ಟಿ ಹೋಗಿಯೇ ಬಿಟ್ಟಳು. ಗುಮಾಸ್ತರು ನಿಂತಲ್ಲೇ ತಮ್ಮ ಪ್ಯಾಂಟನ್ನು ಮುಂದೆ ಹಿಂದೆ ನೋಡಿಕೊಂಡರು. ಹತ್ತೊಂಬತ್ತು ವರ್ಷದ ಸೇವೆಯಲ್ಲಿ ಅವರ ಪ್ಯಾಂಟಿನ ಬಗ್ಗೆ ಯಾವ ಮಹಿಳೆಯೂ ಮಾತಾಡಿರಲಿಲ್ಲ. ಹೆಂಡತಿಗೆ ಹೇಳುವುದೋ ಬೇಡವೋ ಎಂದು ಮೂರು ದಿನ ಊಟ ರುಚಿಸಲಿಲ್ಲ. ಕೊನೆಗೆ ಹೇಳಲಿಲ್ಲ.

ಗುಟ್ಟು ಬಯಲಾದದ್ದು ಹಲ್ಲಿನ ಡಾಕ್ಟರ ಕುರ್ಚಿಯಲ್ಲಿ. ದವಡೆ ಹಲ್ಲು ನೋವೆಂದು ಹೋದ ಗುಮಾಸ್ತರ ಬಾಯಿಗೆ ಡಾಕ್ಟರು ಎರಡು ಕಡೆ ಹತ್ತಿ ತುರುಕಿ, ನಡುವೆ ನೀರು ಹೀರುವ ಕೊಳವೆ ಸಿಕ್ಕಿಸಿ, ಎದ್ದು ಹೋಗಿ ಬಾಗಿಲಿಗೆ ಚಿಲಕ ಹಾಕಿ ಬಂದರು.

"ಮೊನ್ನೆಯ ನಿಮ್ಮ ಬೆಡ್‌ಶೀಟು..." ಡಾಕ್ಟರು ಕಣ್ಣು ಮುಚ್ಚಿ ಉಸಿರೆಳೆದುಕೊಂಡರು. "ಏನು ಹೇಳ್ಲಿ ಸಾರ್. ನನ್ನ ಜೀವನದಲ್ಲೇ ಅಂಥ ಸುಖ ಕಂಡಿರಲಿಲ್ಲ."

"ಆಂ?" ಗುಮಾಸ್ತರ ಕಣ್ಣು ಮೇಲಿನ ದೀಪದಷ್ಟೇ ಅಗಲವಾದವು.

"ಗೊತ್ತು, ಗೊತ್ತು. ಹೊರಗೆ ಮಾತಾಡಬಾರದು. ಇಲ್ಲಿ ಯಾರೂ ಇಲ್ಲ, ಹೆದರಬೇಡಿ. ಬೇಕರಿಯವನು, ಪಿ.ಟಿ. ಟೀಚರು, ನಾನು. ಬಂಡೆ ಹಿಂದೆ ಹಲಗೆ ಮೇಲೆ ನಿಂತು ಅಲೆ ಸವಾರಿ ಮಾಡೋರು ನಾವು ಮೂರೇ ಜನ. ಮೊದಲು ಫೋನಲ್ಲಿ ಹೇಳ್ಕೊಳ್ತಿದ್ವಿ. ಆ ಬೇಕರಿಯವನು ಒಂದು ಸಲ ಯಾರಿಗೋ ಮೆಸೇಜ್ ಕಳಿಸಿಬಿಟ್ಟ. ಎರಡು ಬಸ್ ತುಂಬ ಜನ ಬಂದ್ರು ಸಾರ್, ದೊಡ್ಡ ಸ್ಪೀಕರ್ ಸಮೇತ! ಅವತ್ತಿಂದ ಫೋನ್ ಬಂದ್. ಎಲ್ಲ ತಾತನ ತಂತಿ ಮೇಲೆ. ಎರಡು ಬೆಡ್‌ಶೀಟು ಅಂದ್ರೆ ಅಲೆ ಬೊಂಬಾಟು, ಹಲಗೆ ಹೊತ್ಕೊಂಡು ಗುಡ್ಡ ಹತ್ತಿ. ಬರೀ ಟವೆಲ್ಲು ಅಂದ್ರೆ ಸುಮಾರು. ಕರಿ ಪ್ಯಾಂಟು ಅಂದ್ರೆ ಬೇಡ, ಮಲಕ್ಕೊಳ್ಳಿ. ಮುಕ್ಕಾಲು ಗಂಟೆ ಮುಳ್ಳುಗಿಡದಲ್ಲಿ ಹಲಗೆ ಹೊತ್ತು ಹೋಗಿ, ಅಲೆ ಇಲ್ಲ ಅಂತ ವಾಪಸ್ ಬರೋ ಸಂಕಟ ನಿಮಗೆ ಹೇಳಬೇಕಾ? ತಾತ ಹೋಗುವಾಗ ನಿಮಗೆ ಎಲ್ಲ ಹೇಳ್ಕೊಟ್ಟು ಹೋಗಿದ್ದಾರೆ ತಾನೆ?"

"ಆಂ ಆಂ!" ಇಲ್ಲ, ಇಲ್ಲ ಎಂದು ಗುಮಾಸ್ತರು ತಲೆ ಆಡಿಸಲು ನೋಡಿದರು. ಡಾಕ್ಟರು ಗದ್ದವನ್ನು ಗಟ್ಟಿಯಾಗಿ ಹಿಡಿದಿದ್ದರು.

"ಅದನ್ನೇ ಅಂದೆ. ಆದರೆ ತಾತ ಹತ್ತಕ್ಕೆ ಆರು ಸರಿ ಹೇಳ್ತಿದ್ರು. ನೀವು ಹತ್ತಕ್ಕೆ ಹತ್ತು! ಒಂದು ದಿನ ತಪ್ಪಿಲ್ಲ! ಎಲ್ಲಿ ಕಲಿತ್ರಿ ಸಾರ್ ಈ ವಿದ್ಯೆ?"

ಬಾಯಿಂದ ಹತ್ತಿ ಹೊರಗೆ ಬರುವಷ್ಟರಲ್ಲಿ ಗುಮಾಸ್ತರಿಗೆ ನಿಜ ಹೇಳಲು ಪೂರ್ತಿ ಅರ್ಧ ನಿಮಿಷ ಸಿಕ್ಕಿತ್ತು. 'ಬಟ್ಟೆ ಒಣಹಾಕುವುದು ನನ್ನ ಹೆಂಡತಿ, ನನಗೇನೂ ಗೊತ್ತಿಲ್ಲ' ಎಂಬ ಎರಡು ಮಾತು. ಆದರೆ ಅವರನ್ನು 'ವಿದ್ಯೆ ಇರುವವರು' ಎಂದು ಒಬ್ಬ ಡಾಕ್ಟರು ಕರೆದದ್ದು ಇದೇ ಮೊದಲು. ಅವರು ಬಾಯಿ ಮುಕ್ಕಳಿಸಿದರು, ಉಗುಳಿದರು, ತುಟಿ ಒರೆಸಿಕೊಂಡರು.

"ಚಿಕ್ಕಂದಿನಿಂದ ಒಂದು ಅಂದಾಜು," ಎಂದರು.

ಅಲ್ಲಿಗೆ ಶುರುವಾಯಿತು ನೋಡಿ. ಬೇಕರಿಯವನು 'ಗುರುಗಳೇ' ಎನ್ನತೊಡಗಿದ. ಪಿ.ಟಿ. ಟೀಚರ್ ಬೀದಿಯಲ್ಲಿ ಸೀಟಿ ಮುಟ್ಟಿ ಸೆಲ್ಯೂಟ್ ಹೊಡೆಯತೊಡಗಿದಳು. ಗುಮಾಸ್ತರು ನಡೆಯುವಾಗ ನಿಂತು, ಬೆರಳು ಎತ್ತಿ ಗಾಳಿ ನೋಡಿ, "ಹ್ಞೂಂ" ಎಂದು ಮುಂದೆ ಹೋಗುವುದನ್ನು ರೂಢಿಸಿಕೊಂಡರು. ಆ 'ಹ್ಞೂಂ' ಏನೆಂದು ಅವರಿಗೂ ಗೊತ್ತಿರಲಿಲ್ಲ. ಕೇಳಿದವರಿಗೆ "ಅಲೆ ಅನ್ನೋದು ನೀರಲ್ಲಿ ಇರಲ್ಲ" ಎಂದು ಹೇಳಿ ಸುಮ್ಮನಾಗುತ್ತಿದ್ದರು. ಬೇಕರಿಯವನು ಇದನ್ನು ಬ್ರೆಡ್ ಸುತ್ತುವ ಕಾಗದದ ಮೇಲೆ ಬರೆದಿಟ್ಟುಕೊಂಡ.

ಇತ್ತ ತಂತಿಯ ಮೇಲೆ ನಡೆಯುತ್ತಿದ್ದದ್ದೇ ಬೇರೆ. ಹೆಂಡತಿಗೆ ಬೆಡ್‌ಶೀಟಿನ ಹುಚ್ಚು. ನಲ್ಲಿ ನೀರು ಬರುವುದು ಬೆಳಗಿನ ಐದಕ್ಕೆ. ಆಕೆ ಆಗಲೇ ಎದ್ದು, ತಾರಸಿಗೆ ಹೋಗಿ, ಹಿಂದಿನ ದಿನದ ದಿಂಬಿನ ಕವರನ್ನು ಕೆನ್ನೆಗೆ ಒತ್ತಿ ನೋಡುವಳು. ಗಾಳಿ ಗುಡ್ಡದ ಕಡೆಯಿಂದ ಒಣಗಿ ಬರುತ್ತಿದ್ದರೆ ಒಳಗೆ ಬಂದು, "ಏಳ್ರೀ, ಒಳ್ಳೆ ಗಾಳಿ!" ಎಂದು ಮಲಗಿದ್ದ ಗಂಡನ ಅಡಿಯಿಂದಲೇ ಬೆಡ್‌ಶೀಟ್ ಎಳೆಯುವಳು. ಗುಮಾಸ್ತರು ಉರುಳಿ ನೆಲಕ್ಕೆ. ಗಾಳಿ ಸಮುದ್ರದ ಕಡೆಯಿಂದ ಉಪ್ಪು ಹೊತ್ತು ಬರುತ್ತಿದ್ದರೆ ಬಿಳಿ ಬಟ್ಟೆ ತೆಗೆಯುವಳೇ ಅಲ್ಲ, ಅಂಟಂಟಾಗುತ್ತದೆ ಎಂದು. ಅಂಥ ದಿನ ಗಂಡನ ಕಚೇರಿಯ ಕರಿ ಪ್ಯಾಂಟು. "ಅದರಲ್ಲಿ ಕೊಳೆನೂ ಕಾಣಲ್ಲ, ಉಪ್ಪೂ ಕಾಣಲ್ಲ" ಎಂಬುದು ಆಕೆಯ ಲೆಕ್ಕ. ನೆಲದ ಗಾಳಿ ಬೀಸಿದರೆ ಅಲೆ ನೇರವಾಗಿ, ನುಣುಪಾಗಿ ಏಳುತ್ತದೆ, ಕಡಲ ಗಾಳಿ ಬೀಸಿದರೆ ಕಲಸಿಹೋಗುತ್ತದೆ. ಇದು ಆಕೆಗೆ ಗೊತ್ತಿರಲಿಲ್ಲ. ಬಟ್ಟೆ ಗೊತ್ತಿತ್ತು, ಸಾಕಾಗಿತ್ತು.

ಗುಮಾಸ್ತರಿಗೂ ಈ ಸಂಬಂಧ ಹೊಳೆಯಲಿಲ್ಲ. ದಿನ ಕಳೆದಂತೆ ಅವರು ನಂಬಿದ್ದೇನೆಂದರೆ, ಹೆಂಡತಿ ಏನು ಒಗೆದರೂ ಅದಕ್ಕೆ ತಕ್ಕ ಹಾಗೆ ಸಮುದ್ರವೇ ನಡೆದುಕೊಳ್ಳುತ್ತಿದೆ. ನಗಬೇಡಿ. ಹತ್ತೊಂಬತ್ತು ವರ್ಷ, ತಾವು ಬರೆದ ಮೇಲೆಯೇ ಜನ ಹುಟ್ಟಿದ್ದು, ತಾವು ಬರೆದ ಮೇಲೆಯೇ ಸತ್ತದ್ದು ಎಂದು ನೋಡುತ್ತ ಬಂದ ಮನುಷ್ಯ.

ಅಷ್ಟರಲ್ಲಿ ಪುರಸಭೆಗೆ ಹೊಸ ಮುಖ್ಯಾಧಿಕಾರಿ ವರ್ಗವಾಗಿ ಬಂದರು. ಹಲ್ಲುನೋವು ಸಾಹೇಬರಿಗೂ ಬರುತ್ತದೆ. ಯಾರ ಬಾಯಲ್ಲಿ ಹತ್ತಿ ಇರುತ್ತದೋ ಅವರ ಮುಂದೆ ನಮ್ಮ ಡಾಕ್ಟರ ಬಾಯಿ ನಿಲ್ಲುವುದಿಲ್ಲ. ಒಂದು ಬುಧವಾರ ಗುಮಾಸ್ತರಿಗೆ ಸಾಹೇಬರ ಕೋಣೆಗೆ ಕರೆ ಬಂತು.

"ಬಾಗಿಲು ಹಾಕಿ ಬನ್ನಿ. ಕೂತ್ಕೊಳ್ಳಿ."

ಕೂತ್ಕೊಳ್ಳಿ! ಗುಮಾಸ್ತರು ಆ ಕೋಣೆಯಲ್ಲಿ ಇದುವರೆಗೆ ಕೂತಿದ್ದೇ ಇಲ್ಲ. ಕುರ್ಚಿಯ ಅಂಚಿನಲ್ಲಿ ಕೂತರು.

"ನಾನೂ ಹಲಗೆ ತಗೊಂಡಿದ್ದೀನಿ," ಎಂದರು ಸಾಹೇಬರು ದನಿ ತಗ್ಗಿಸಿ. "ರಜೆಯಲ್ಲಿ ಮೂರು ದಿನ ಕಲಿತೆ. ಈ ಭಾನುವಾರ ನನ್ನ ಹೆಂಡತಿ ತಮ್ಮ ಬರ್ತಾನೆ. ಬಂದಾಗಲೆಲ್ಲ ಒಂದೇ ಮಾತು, 'ಭಾವ, ನಿಮಗೆ ಸಹಿ ಹಾಕೋದು ಬಿಟ್ಟು ಬೇರೆ ಏನಾದ್ರೂ ಬರುತ್ತಾ?' ಅವನ ಮುಂದೆ ಒಂದೇ ಒಂದು ಅಲೆ ಮೇಲೆ ನಾನು ನಿಂತು ತೋರಿಸಬೇಕು. ಒಂದೇ ಒಂದು!"

ಸಾಹೇಬರಿಗೂ ಒಬ್ಬ ಭಾವಮೈದ ಇದ್ದಾನೆಂದು ಕೇಳಿ ಗುಮಾಸ್ತರ ಕಣ್ಣಂಚು ಒದ್ದೆಯಾಯಿತು.

"ಭಾನುವಾರ ಅಲೆ ಹೇಗಿರುತ್ತೆ ಹೇಳಿ. ಮೇಲ್ವಿಚಾರಕರ ಫೈಲು ಸೋಮವಾರ ನನ್ನ ಮುಂದೆ ಬರುತ್ತೆ. ಎರಡು ಸಲ ನಿಮಗೆ ಅನ್ಯಾಯ ಆಗಿದೆಯಂತೆ."

ನಾಲ್ಕು ದಿನ ಮುಂಚಿತವಾಗಿ ಸಮುದ್ರದ ಬಗ್ಗೆ ಮಾತು ಕೊಡುವ ಧೈರ್ಯ ಸಮುದ್ರಕ್ಕೂ ಇಲ್ಲ. ಗುಮಾಸ್ತರು ಎದ್ದು ನಿಂತು, ಬೆರಳೆತ್ತಿ ಫ್ಯಾನಿನ ಗಾಳಿ ನೋಡಿ, "ಹ್ಞೂಂ. ಭಾನುವಾರ ಎರಡು ಬೆಡ್‌ಶೀಟು ಸಾರ್. ನನ್ನ ಜವಾಬ್ದಾರಿ," ಎಂದರು.

ಭಾನುವಾರ ಬೆಳಿಗ್ಗೆ ತಾರಸಿಗೆ ಓಡಿ ಹೋಗಿ ನೋಡುತ್ತಾರೆ, ತಂತಿಯ ಮೇಲೆ ಕರಿ ಪ್ಯಾಂಟು!

"ಏನೇ ಇದು? ಬೆಡ್‌ಶೀಟ್ ಒಗೀಲಿಲ್ವಾ?"

"ಈ ಗಾಳಿಗಾ? ದಿಂಬಿನ ಕವರ್ ಮುಟ್ಟಿ ನೋಡಿ, ಬೆಲ್ಲದ ಪಾಕದಲ್ಲಿ ಅದ್ದಿದ ಹಾಗಿದೆ."

"ಇವತ್ತೊಂದು ದಿನ ಒಗಿಯೇ. ನನ್ನ ಚಿನ್ನ ಅಲ್ವಾ?"

ಮದುವೆಯಾಗಿ ಇಷ್ಟು ವರ್ಷಕ್ಕೆ ಆ ಮಾತು ಮೊದಲ ಸಲ ಬಂದದ್ದರಿಂದ ಹೆಂಡತಿ ಗಂಡನ ಹಣೆ ಮುಟ್ಟಿ ನೋಡಿದಳು. ಜ್ವರ ಇರಲಿಲ್ಲ. ಹಾಲು ತರಲು ಕೆಳಗೆ ಹೋದಳು. ಆಕೆಯ ಚಪ್ಪಲಿಯ ಸದ್ದು ಮೆಟ್ಟಿಲ ಕೆಳಗೆ ತಲುಪಿದ್ದೇ, ಗುಮಾಸ್ತರು ಬೀರು ತೆರೆದು, ಇಸ್ತ್ರಿ ಮಾಡಿ ಮಡಚಿಟ್ಟಿದ್ದ ಎರಡು ಬಿಳಿ ಬೆಡ್‌ಶೀಟ್ ಎತ್ತಿಕೊಂಡು ತಾರಸಿಗೆ ಹಾರಿದರು. ಕ್ಲಿಪ್ಪು ಹಾಕಲು ಬಾರದೆ ಎರಡು ಸಲ ಬೆರಳು ಸಿಕ್ಕಿಸಿಕೊಂಡರು. ತೆಗೆದ ಕರಿ ಪ್ಯಾಂಟನ್ನು ಎಲ್ಲಿಡುವುದು? ಕೆಳಗೆ ಸಾಹೇಬರ ಜೀಪು ಆಗಲೇ ಹಾರ್ನ್ ಹೊಡೆಯುತ್ತಿತ್ತು. ಬೇರೆ ದಾರಿ ಕಾಣದೆ ಒದ್ದೆ ಪ್ಯಾಂಟನ್ನೇ ಹಾಕಿಕೊಂಡು ಇಳಿದರು. ಸಮುದ್ರ ನೋಡುವ ಮೊದಲೇ ಸೊಂಟದವರೆಗೆ ನೆನೆದ ತಜ್ಞ ಬಹುಶಃ ಅವರೊಬ್ಬರೇ.

ಗುಡ್ಡ ದಾಟಿ ಬಂಡೆಗಳ ನಡುವಿನ ತೀರಕ್ಕೆ ಬಂದಾಗ ಡಾಕ್ಟರು, ಟೀಚರು, ಬೇಕರಿಯವನು ಆಗಲೇ ಹಲಗೆ ಹಿಡಿದು ನಿಂತಿದ್ದರು. ಎದುರಿಗೆ ಸಮುದ್ರವೋ, ಆ ದೇವರಿಗೇ ಪ್ರೀತಿ! ಒಂದು ಅಲೆ ಬಲದಿಂದ, ಒಂದು ಎಡದಿಂದ, ಎರಡೂ ನಡುವೆ ಡಿಕ್ಕಿ ಹೊಡೆದು ಮೂರನೆಯದು ಮೇಲಕ್ಕೆ. ನೊರೆ ಹಾರಿ ಮುಖಕ್ಕೆ ಬಡಿಯುತ್ತಿತ್ತು. ಮೂವರೂ ಸಮುದ್ರ ನೋಡಿದರು, ಗುಡ್ಡದ ಮೇಲಿನ ತಂತಿಯ ದಿಕ್ಕು ನೋಡಿದರು, ಆಮೇಲೆ ಗುಮಾಸ್ತರನ್ನು ನೋಡಿದರು.

"ಇದರಲ್ಲಿ ಏನೋ ಇದೆ," ಎಂದ ಬೇಕರಿಯವನು ಭಕ್ತಿಯಿಂದ. "ಗುರುಗಳು ಸುಮ್ನೆ ಹಾಕೋರಲ್ಲ. ನಮ್ಮ ಕಣ್ಣಿಗೆ ಕಾಣ್ತಿಲ್ಲ ಅಷ್ಟೇ."

"ಅಲೆ ಅನ್ನೋದು ನೀರಲ್ಲಿ ಇರಲ್ಲ," ಎಂದು ಟೀಚರ್ ತನಗೆ ತಾನೇ ಹೇಳಿಕೊಂಡಳು.

ಸಾಹೇಬರ ಭಾವಮೈದ ಒಂದು ಬಂಡೆಯ ಮೇಲೆ ಕೂತು ಮೊಬೈಲ್ ತೆಗೆದ. "ಶುರು ಮಾಡಿ ಭಾವ. ವಿಡಿಯೋ ಆನ್ ಆಗಿದೆ."

ಸಾಹೇಬರು ಗುಮಾಸ್ತರ ಕಿವಿಯಲ್ಲಿ, "ಯಾವುದು ಹಿಡೀಲಿ?" ಎಂದರು.

ಈಗಲಾದರೂ ನಿಜ ಹೇಳಬಹುದಿತ್ತು. ಗುಮಾಸ್ತರ ನಾಲಿಗೆ ತುದಿಯವರೆಗೆ ಬಂದಿತ್ತು ಕೂಡ. ಆದರೆ ಸೋಮವಾರದ ಫೈಲು ಕಣ್ಣ ಮುಂದೆ ಬಂತು. "ಏಳನೆಯದು ಸಾರ್," ಎಂದುಬಿಟ್ಟರು.

ಸಾಹೇಬರನ್ನು ಏಳನೆಯದರವರೆಗೆ ಕಾಯಲು ಸಮುದ್ರ ಬಿಡಲಿಲ್ಲ. ಎರಡನೆಯದೇ ಅವರನ್ನು ಎತ್ತಿತು, ಮೂರನೆಯದು ತಿರುಗಿಸಿತು, ನಾಲ್ಕನೆಯದು ಹಲಗೆಯನ್ನು ಒಂದು ಕಡೆ ಎಸೆದು ಸಾಹೇಬರನ್ನು ಇನ್ನೊಂದು ಕಡೆ ಎಸೆಯಿತು. ಕಾಲು ಮೇಲೆ, ತಲೆ ಕೆಳಗೆ ಮಾಡಿ ಒಂದು ಕ್ಷಣ ಎಲ್ಲರಿಗೂ ತೋರಿಸಿ, ಮತ್ತೆ ಒಳಗೆಳೆದುಕೊಂಡಿತು. ಕೊನೆಗೆ ಡಾಕ್ಟರು ಮತ್ತು ಟೀಚರು ಈಜಿ ಹೋಗಿ ತಳ್ಳಿಕೊಂಡು ಬಂದಾಗ ಸಾಹೇಬರು ಕುತ್ತಿಗೆಯವರೆಗಿನ ನೀರಿನಲ್ಲಿ ಕೂತೇಬಿಟ್ಟರು. ಮೇಲೇಳಲು ಒಪ್ಪಲಿಲ್ಲ. ಅವರ ಚಡ್ಡಿಯನ್ನು ಸಮುದ್ರ ಇಟ್ಟುಕೊಂಡಿತ್ತು.

"ಭಾವ, ಎದ್ದು ನಿಲ್ಲಿ, ನಿಂತು ತೋರಿಸ್ತೀನಿ ಅಂದಿದ್ರಲ್ಲ!" ಎಂದು ಬಂಡೆಯ ಮೇಲಿಂದ ಕೂಗು.

ಅಷ್ಟರಲ್ಲಿ ಗುಡ್ಡದ ಮೇಲಿನಿಂದ ಇನ್ನೊಂದು ಕೂಗು ಕೇಳಿಸಿತು. ಮನೆಯ ಹಿಂದಿನ ಕಡಿದಾದ ಕಾಲುದಾರಿಯಲ್ಲಿ ಗುಮಾಸ್ತರ ಹೆಂಡತಿ, ತೋಳಿನ ತುಂಬ ಬೆಡ್‌ಶೀಟು ಹೊತ್ತು, ಜಾರದೆ, ಎಡವದೆ ಇಳಿದು ಬರುತ್ತಿದ್ದಳು. ಹಾಲು ತಂದವಳು ತಂತಿ ನೋಡಿದ್ದಳು, ತೆರೆದ ಬೀರು ನೋಡಿದ್ದಳು, ಗಂಡ ಎಲ್ಲಿ ಎಂದು ಬಚ್ಚಲಿನ ಕಿಟಕಿ ತೆರೆದು ಎಲ್ಲವನ್ನೂ ನೋಡಿದ್ದಳು.

"ಇಸ್ತ್ರಿ ಮಾಡಿಟ್ಟ ಬೆಡ್‌ಶೀಟನ್ನ ಈ ಗಾಳಿಗೆ ಒಣಹಾಕ್ತಾರೇನ್ರೀ ಯಾರಾದ್ರೂ? ಒಣಗಿದ್ದನ್ನ ಒದ್ದೆ ಮಾಡೋಕೆ?" ಎಂದಳು ಬಂದವಳೇ. "ಕಡಲ ಗಾಳಿ ಇದು! ರಾತ್ರಿಯಿಂದ ತಿರುಗಿದೆ! ಮೂಗಿಲ್ವಾ ನಿಮಗೆ? ಮೊನ್ನೆ ಬುಧವಾರ ಹೇಗಿತ್ತು, ಗುಡ್ಡದಿಂದ ಒಣ ಗಾಳಿ, ಅರ್ಧ ಗಂಟೆಗೆ ಗರಿ ಗರಿ. ಬಟ್ಟೆ ಹಾಕೋ ದಿನ ಯಾವುದು, ಹಾಕಬಾರದ ದಿನ ಯಾವುದು ಅಂತ ಇಷ್ಟು ವರ್ಷ ನಾನು ನೋಡಿ ನೋಡಿ ಹಾಕ್ತಿದ್ದೀನಿ!"

ಮೂವರೂ ಆಕೆಯ ತೋಳಿನಲ್ಲಿದ್ದ ಬೆಡ್‌ಶೀಟು ನೋಡಿದರು.

"ಅಕ್ಕಾ," ಎಂದಳು ಟೀಚರ್ ಮೆಲ್ಲಗೆ, "ಇಷ್ಟು ದಿನ ಬೆಡ್‌ಶೀಟ್ ಹಾಕ್ತಿದ್ದೋರು ನೀವಾ?"

"ಇನ್ಯಾರು? ಇವರಿಗೆ ಕ್ಲಿಪ್ ಹಾಕೋಕೂ ಬರಲ್ಲ."

"ಹೋದ ಶುಕ್ರವಾರದ ಕರಿ ಪ್ಯಾಂಟು?"

"ನಾನೇ."

ಮೂವರೂ ಹಲಗೆ ಸಮೇತ ಗುಮಾಸ್ತರಿಗೆ ಬೆನ್ನು ಮಾಡಿ ಆಕೆಯ ಕಡೆ ತಿರುಗಿದರು. ನೀರಿನಿಂದ ಒಂದು ಕ್ಷೀಣ ದನಿ ಬಂತು. "ಅಮ್ಮಾ, ಆ ಬೆಡ್‌ಶೀಟ್ ಒಂದು..."

"ತಗೊಳ್ಳಿ, ಸುತ್ಕೊಳ್ಳಿ. ಹೇಗೂ ಮತ್ತೆ ಒಗೀಬೇಕು," ಎಂದು ಆಕೆ ಎಸೆದಳು. ಹೀಗೆ ಒಂದು ಬೆಡ್‌ಶೀಟಿನಲ್ಲಿ ಮುಖ್ಯಾಧಿಕಾರಿಗಳು, ಪಕ್ಕದಲ್ಲಿ ಒದ್ದೆ ಪ್ಯಾಂಟಿನ ಗುಮಾಸ್ತರು. ಗುಮಾಸ್ತರ ಮುಖ ನೋಡುವ ಹಾಗಿರಲಿಲ್ಲ.

ಸೋಮವಾರ ಫೈಲು ಬಂತು, ಸಾಹೇಬರು ಅದನ್ನು ಕಪಾಟಿನ ಮೇಲಿನ ಅಂಕಣಕ್ಕೆ ಏರಿಸಿ, "ನೋಡೋಣ," ಎಂದರು. ಆ ಸಂಜೆ ಗುಮಾಸ್ತರು ಹಲ್ಲಿನ ಡಾಕ್ಟರ ಕುರ್ಚಿಯಿಂದ ಹಿಡಿದು ಎಲ್ಲವನ್ನೂ ಹೆಂಡತಿಗೆ ಹೇಳಿದರು. ತಲೆ ಎತ್ತಿ ಹೇಳಲಿಲ್ಲ. ಬೈಗುಳಕ್ಕೆ ಕಾದು ಕೂತರು.

"ನನ್ನ ಬೆಡ್‌ಶೀಟನ್ನ ಅಷ್ಟು ಜನ ಹೊಗಳ್ತಿದ್ರಾ?" ಎಂದು ಹೆಂಡತಿ ಹೊಲಿಗೆ ನಿಲ್ಲಿಸಿದಳು. "ಮದುವೆಯಾದಾಗಿನಿಂದ ಒಗೀತಿದ್ದೀನಿ. ಚೆನ್ನಾಗಿದೆ ಅಂತ ಒಬ್ಬರು ಅಂದಿದ್ದು ನಾನು ಕೇಳಿಲ್ಲ. ಅಂದಿದ್ದನ್ನೂ ನೀವೇ ಇಟ್ಕೊಂಡ್ರಲ್ಲ."

ಆಕೆ ಜಗಳವಾಡಿದ್ದರೆ ಗುಮಾಸ್ತರು ತಡೆದುಕೊಳ್ಳುತ್ತಿದ್ದರು. ಇದನ್ನು ತಡೆದುಕೊಳ್ಳಲು ಆಗಲಿಲ್ಲ. ನಾಚಿಕೆಯಿಂದ ಆ ರಾತ್ರಿ ಊಟದ ತಟ್ಟೆಯನ್ನು ತಾವೇ ತೊಳೆದಿಟ್ಟರು. ಹೆಂಡತಿಯದನ್ನೂ.

ಆಮೇಲೆ ಬ್ರೆಡ್ಡು ಆಕೆಗೆ, ಸೆಲ್ಯೂಟು ಆಕೆಗೆ, 'ಗುರುಗಳೇ' ಹೋಗಿ 'ಗುರುಮಾತೆ' ಆಯಿತು. ಬೇಕರಿಯವನು ದಿಂಬಿನ ಕವರೊಂದನ್ನು ಕೊಂಡು ಕೆನ್ನೆಗೆ ಒತ್ತಿಕೊಂಡು ಅಭ್ಯಾಸ ಮಾಡಿದ, ಹಿಟ್ಟು ಮಾತ್ರ ಅಂಟಿತು. ಹೆಂಡತಿ ಚಿಕ್ಕಂದಿನಲ್ಲಿ ಹೊಳೆಯಲ್ಲಿ ಈಜು ಕಲಿತವಳು. ಟೀಚರ್ ಪುಸಲಾಯಿಸಿ ಹಲಗೆಯ ಮೇಲೆ ಮಲಗಿಸಿಯೇಬಿಟ್ಟಳು. ಎರಡು ತಿಂಗಳಲ್ಲಿ ಆಕೆ ಮಲಗುವುದು, ಮಂಡಿಯೂರುವುದು ಕಲಿತಳು. ನಿಲ್ಲಲು ಮಾತ್ರ ಆಗಲಿಲ್ಲ. ಆಗದಿದ್ದದ್ದಕ್ಕೆ ಕಾರಣ ಸಾಹೇಬರು. ವಿಡಿಯೋ ಊರೆಲ್ಲ ಸುತ್ತಿದ ಮೇಲೆ ಅವರಿಗೆ ಛಲ ಹುಟ್ಟಿ, ಬೆಡ್‌ಶೀಟ್ ಕಂಡ ದಿನವೆಲ್ಲ ಜೀಪಿನಲ್ಲಿ ಬಂದಿಳಿಯುತ್ತಿದ್ದರು. ಆಕೆ ಯಾವ ಅಲೆಗೆ ಮಂಡಿಯೂರಿ ಎದ್ದಳೋ ಅದೇ ಅಲೆಗೆ, "ಸರೀರಿ, ಸರೀರಿ, ಇದು ನಂದು!" ಎಂದು ನುಗ್ಗುತ್ತಿದ್ದರು. ತಾವೂ ಬಿದ್ದು ಆಕೆಯನ್ನೂ ಬೀಳಿಸುತ್ತಿದ್ದರು. ಮುಖ್ಯಾಧಿಕಾರಿಗೆ ಎದುರಾಡುವವರು ಯಾರು?

"ಒಂದು ಸಲ ನಿಂತ್ರೆ ಸಾಕು ಕಣ್ರೀ," ಎನ್ನುತ್ತಿದ್ದಳು ಹೆಂಡತಿ, ತಲೆ ಒರೆಸಿಕೊಳ್ಳುತ್ತ. ಆಕೆ ತನಗಾಗಿ ಏನನ್ನಾದರೂ ಬೇಕು ಎಂದದ್ದನ್ನು ಗುಮಾಸ್ತರು ಕೇಳಿದ್ದು ಅದೇ ಮೊದಲು.

ಒಂದು ಮಂಗಳವಾರ ಬೆಳಿಗ್ಗೆ ಐದೂವರೆಗೆ ಎಚ್ಚರವಾದಾಗ ಗುಮಾಸ್ತರು ಇನ್ನೂ ಬೆಡ್‌ಶೀಟಿನ ಮೇಲೇ ಇದ್ದರು. ಕಿಟಕಿಯಿಂದ ಗುಡ್ಡದ ಗಾಳಿ ಒಣಗಿ, ತಣ್ಣಗೆ, ಸಣ್ಣಗೆ ಬರುತ್ತಿತ್ತು. ಅಷ್ಟು ದಿನದಲ್ಲಿ ಅವರಿಗೂ ಒಂದಿಷ್ಟು ತಿಳಿದಿತ್ತು. ಎದ್ದು ತಾರಸಿಗೆ ಹೋದರು. ತಂತಿಯ ಮೇಲೆ ಕರಿ ಪ್ಯಾಂಟು.

"ಏನೇ ಇದು? ಇಂಥ ಗಾಳಿ..."

"ಶ್!" ಎಂದಳು ಹೆಂಡತಿ. ಹಲಗೆ ಆಗಲೇ ಕಂಕುಳಲ್ಲಿತ್ತು. ಹಿಂದಿನ ಕಾಲುದಾರಿ ಹಿಡಿದು ಇಳಿದೇಬಿಟ್ಟಳು.

ಗುಮಾಸ್ತರು ಬಚ್ಚಲಿಗೆ ಹೋಗಿ, ಬಕೆಟ್ ಬೋರಲು ಹಾಕಿ ಹತ್ತಿ ನಿಂತರು. ಬಂಡೆಗಳ ನಡುವೆ ಅಲೆಗಳು ಒಂದರ ಹಿಂದೆ ಒಂದು, ಅವಸರವಿಲ್ಲದೆ ಏಳುತ್ತಿದ್ದವು. ನೀರಿನಲ್ಲಿ ಒಬ್ಬಳೇ ಒಬ್ಬಳು. ಒಂದು ಸಲ ಬಿದ್ದಳು. ಇನ್ನೊಂದು ಸಲ ಬಿದ್ದಳು.

ಫೋನ್ ಹೊಡೆದುಕೊಂಡಿತು. ಸಾಹೇಬರು.

"ಏನ್ರೀ, ನಿಮ್ಮ ಮನೆ ಮೇಲೆ ಕರಿ ಪ್ಯಾಂಟ್ ಇದೆ. ನಮ್ಮ ಮನೆ ಪರದೆ ನೋಡಿದ್ರೆ ಗಾಳಿ ಗುಡ್ಡದ ಕಡೆಯಿಂದ ಬರೋ ಹಾಗಿದೆ. ಏನು ಸಮಾಚಾರ?"

"ಗೊತ್ತಿಲ್ಲ ಸಾರ್."

"ಕಿಟಕಿಯಿಂದ ನೋಡಿ ನಿಜ ಹೇಳಿ. ನಿಮ್ಮ ಫೈಲು ನಿನ್ನೆ ಮನೆಗೇ ತಂದಿದ್ದೀನಿ. ಮುಂದೆ ಇದೆ. ಪೆನ್ನು ಕೈಯಲ್ಲೇ ಇದೆ. ಅಲೆ ಇದೆಯಾ ಇಲ್ವಾ?"

ಗುಮಾಸ್ತರು ಕಿಟಕಿಯಿಂದ ನೋಡಿದರು. ಹೆಂಡತಿ ಮಂಡಿಯೂರಿದ್ದಳು. ಒಂದು ಪಾದ ಮುಂದಿಟ್ಟಳು. ಇನ್ನೊಂದು ಪಾದ ಇಟ್ಟಳು. ಎರಡು ಕೈ ಅಗಲಿಸಿ, ನಿಧಾನವಾಗಿ, ನೆಟ್ಟಗೆ ಎದ್ದು ನಿಂತಳು. ಅಲೆ ಆಕೆಯನ್ನು ಹೊತ್ತು ದಡದ ಕಡೆಗೆ ಬರುತ್ತಲೇ ಇತ್ತು.

"ಏನೂ ಇಲ್ಲ ಸಾರ್," ಎಂದರು. "ಕೆರೆ ಇದ್ದ ಹಾಗಿದೆ. ಮಲಕ್ಕೊಳ್ಳಿ."

"ಸುಳ್ಳು ಹೇಳ್ತಿಲ್ಲ ತಾನೆ?"

"ನಾನಾ ಸಾರ್? ನನಗೆ ಸಮುದ್ರದ ವಿಷಯ ಏನು ಗೊತ್ತು ಸಾರ್? ಕಾಲಿಡೋಕೂ ಹೆದರೋ ಮನುಷ್ಯ ನಾನು."

"ಅದೂ ನಿಜ ಅನ್ನಿ," ಎಂದರು ಸಾಹೇಬರು ಬೇಸರದಿಂದ. "ಪೆನ್ನಿನ ಮುಚ್ಚಳ ಹಾಕ್ತಿದ್ದೀನಿ," ಎಂದು ಫೋನಿಟ್ಟರು.

ಹೆಂಡತಿ ಮೆಟ್ಟಿಲ ಮೇಲೆಲ್ಲ ನೀರು ಸುರಿಸುತ್ತ ಬಂದಾಗ ಏಳು ಗಂಟೆ. ಕೆಳಗೆ ಓನರಮ್ಮ ವರಾಂಡದಿಂದ ಗೊಣಗುತ್ತಿದ್ದರು. ಆಕೆಯ ಮುಖದಲ್ಲಿ ಉಪ್ಪು, ಮೊಣಕೈಯಲ್ಲಿ ತರಚು ಗಾಯ. ನಗು ಮಾತ್ರ ಮುಚ್ಚಿಡಲಾಗದ್ದು.

"ನೋಡಿದ್ರಾ?"

"ನೋಡ್ದೆ. ಚೆನ್ನಾಗಿತ್ತು ಕಣೇ. ತುಂಬ ಚೆನ್ನಾಗಿತ್ತು."

"ಯಾರಾದ್ರೂ ಫೋನ್ ಮಾಡಿದ್ರಾ?"

"ಸಾಹೇಬರು. ಮಲಕ್ಕೊಳ್ಳಿ ಅಂದೆ."

"ಫೈಲು?"

"ಅದೂ ಮಲಗ್ತು."

ಹೆಂಡತಿ ಅವರನ್ನೇ ಒಂದು ಗಳಿಗೆ ನೋಡಿದಳು. ಆಮೇಲೆ ಕಿಟಕಿಯಿಂದ ಕೈ ಹೊರಗೆ ಚಾಚಿ ಗಾಳಿ ಮುಟ್ಟಿದಳು.

"ಗುರುವಾರ ಇನ್ನೂ ಚೆನ್ನಾಗಿರುತ್ತೆ ರೀ," ಎಂದಳು. "ಆ ಇನ್ನೊಂದು ಕರಿ ಪ್ಯಾಂಟನ್ನೂ ಒಗೆಯೋಕೆ ಹಾಕಿಬಿಡಿ."